ತುಕ್ಕು ತಡೆಯುವ ಗುಣ ಎಲ್ಲಿಂದ ಬಂತು?

(ಮಲ್ಲಂದೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ಉಪನ್ಯಾಸಕ್ಕೆ ಸಂಘಟಕರು ಸೂಚಿಸಿದ ವಿಷಯ ಗೋಧಿಯನ್ನು ತುಕ್ಕು ರೋಗದಿಂದ ಕಾಪಾಡುವ ಜೀನ್‌ಗಳ ಪತ್ತೆ. ಮಲ್ಲಂದೂರಿನಲ್ಲಿ ಗೋಧಿ ಬೆಳೆಯುವವರಿಲ್ಲ. ಆದರೆ ತುಕ್ಕು ಕಾಣದವರೂ ಇಲ್ಲ. ಮುಂಗಾರು ಕಳೆದು ಹಣ್ಣು ಬಲಿಯುವ ಹೊತ್ತಿಗೆ ಅರೇಬಿಕಾ ಗಿಡ ಎಲೆಯೆಲ್ಲ ಉದುರಿಸಿಕೊಂಡು, ಬರೀ ರೆಕ್ಕೆಗಳಲ್ಲಿ ಕಾಯಿ ಹೊತ್ತು ನಿಂತಿರುವುದನ್ನು ನೋಡಿ ಹೊಟ್ಟೆ ಉರಿಸಿಕೊಂಡವರೇ ಇಲ್ಲಿ ಹೆಚ್ಚು ಜನ ಇದ್ದೀರಿ. ಗೋಧಿಯ ತುಕ್ಕು, ಕಾಫಿಯ ತುಕ್ಕು ಎರಡೂ ಒಂದೇ ಗಣದ ಶಿಲೀಂಧ್ರಗಳು. ಎರಡೂ ಜೀವಂತ ಎಲೆಯ ಮೇಲಷ್ಟೇ ಬದುಕುತ್ತವೆ, ಎರಡನ್ನೂ ಗಾಳಿ ಹೊತ್ತು ತಿರುಗುತ್ತದೆ. ಹಾಗಾಗಿ ಗೋಧಿಯನ್ನು ಜೊತೆಯಲ್ಲಿಟ್ಟುಕೊಂಡೇ ನಾನು ನಮ್ಮ ಕಾಫಿಯ ಕಥೆ ಹೇಳುತ್ತೇನೆ. ಈ ಕಥೆಯ ಮುಖ್ಯ ಅಧ್ಯಾಯಗಳು ನಮ್ಮ ಜಿಲ್ಲೆಯಲ್ಲೇ ನಡೆದವು ಎಂಬುದು ನಮ್ಮ ಮಕ್ಕಳಿಗೆ ಗೊತ್ತಾಗಬೇಕು ಎಂಬ ಆಸೆಯೂ ಇದಕ್ಕೆ ಕಾರಣ.

ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ. ತುಕ್ಕು ತಡೆಯುವ ಜೀನ್ ಪ್ರಯೋಗಾಲಯದಲ್ಲಿ ಹುಟ್ಟುವುದಿಲ್ಲ. ಅದು ಯಾರದೋ ತೋಟದಲ್ಲಿ, ಯಾವುದೋ ಕಾಡಿನಲ್ಲಿ ಮೊದಲೇ ಬೆಳೆದು ನಿಂತಿರುತ್ತದೆ. ಅದನ್ನು ಗಮನಿಸಿದವರಿಂದ ಸಂಶೋಧನೆ ಶುರುವಾಗುತ್ತದೆ. ಯಾರೂ ಗಮನಿಸುವ ಮೊದಲೇ ಆ ಗಿಡವನ್ನು ಕಿತ್ತುಹಾಕಿದರೆ ಶುರುವಾಗುವುದೇ ಇಲ್ಲ.

ಮೊದಲು ಶತ್ರುವನ್ನು ಹತ್ತಿರದಿಂದ ನೋಡೋಣ. ತುಕ್ಕು ಹಿಡಿದ ಎಲೆಯ ಮೇಲ್ಭಾಗದಲ್ಲಿ ಕಾಣುವುದು ಮಸುಕು ಹಳದಿ ಮಚ್ಚೆ ಮಾತ್ರ. ಎಲೆಯನ್ನು ಮಗುಚಿ. ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ ಇರುತ್ತದೆ, ಬೆರಳಿಟ್ಟರೆ ಅಂಟುತ್ತದೆ. ಭೂತಗನ್ನಡಿ ಹಿಡಿದರೆ ಆ ಹುಡಿ ಒಂದೇ ಸಮನೆ ಹರಡಿಲ್ಲ, ಸಣ್ಣ ಸಣ್ಣ ಕುಚ್ಚುಗಳಾಗಿ ನಿಂತಿದೆ ಎಂದು ಗೊತ್ತಾಗುತ್ತದೆ. ಒಂದೊಂದು ಕುಚ್ಚೂ ಒಂದೊಂದು ಪತ್ರರಂಧ್ರದಿಂದ ಹೊರಬಂದದ್ದು. ಸೂಕ್ಷ್ಮದರ್ಶಕದಲ್ಲಿ ಬೀಜಕಣ ಮೂತ್ರಪಿಂಡದ ಆಕಾರದಲ್ಲಿ ಕಾಣುತ್ತದೆ. ಅದರ ಬೆನ್ನಿನ ಮೇಲೆಲ್ಲ ಮುಳ್ಳು, ಹೊಟ್ಟೆಯ ಕಡೆ ನುಣುಪು. ಅರೇಬಿಕಾ ಎಲೆಯ ಪತ್ರರಂಧ್ರಗಳು ಇರುವುದು ಅಡಿಭಾಗದಲ್ಲಿ ಮಾತ್ರ, ಆದ್ದರಿಂದ ರೋಗ ಒಳಹೋಗುವುದೂ ಅಲ್ಲಿಂದಲೇ, ಹೊರಬರುವುದೂ ಅಲ್ಲಿಂದಲೇ. ಬೀಜಕಣ ಮೊಳೆಯಲು ಬರೀ ತೇವದ ಗಾಳಿ ಸಾಲದು, ಎಲೆಯ ಮೇಲೆ ನೀರಿನ ಪಸೆ ಕೆಲವು ಗಂಟೆ ಆರದೆ ನಿಂತಿರಬೇಕು. ಬೋರ್ಡೋ ಹೊಡೆಯುವ ನುರಿತ ಕೆಲಸಗಾರ ಗನ್ನನ್ನು ಗಿಡದ ಒಳಕ್ಕೆ ತೂರಿಸಿ ಕೆಳಗಿನಿಂದ ಮೇಲಕ್ಕೆ ಹೊಡೆಯುವುದು ಇದಕ್ಕೇ. 200 ಲೀಟರ್ ಡ್ರಮ್ಮಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕಿದ ಆ ಅರ್ಧ ಪರ್ಸೆಂಟ್ ದ್ರಾವಣ ಎಲೆಯ ಮೇಲ್ಭಾಗದಲ್ಲಿ ಎಷ್ಟು ನೀಲಿಯಾಗಿ ಕಂಡರೂ ಪ್ರಯೋಜನ ಕಡಿಮೆ.

ಈ ಶಿಲೀಂಧ್ರಕ್ಕೆ 'ಹೆಮಿಲಿಯಾ ವಾಸ್ಟಾಟ್ರಿಕ್ಸ್' ಎಂದು ಹೆಸರಿಟ್ಟದ್ದು 1869ರಲ್ಲಿ, ಸಿಲೋನಿನಿಂದ ಬಂದ ಎಲೆಗಳನ್ನು ನೋಡಿದ ಇಂಗ್ಲೆಂಡಿನ ಪಾದ್ರಿ ಎಂ.ಜೆ. ಬರ್ಕ್‌ಲಿ ಮತ್ತು ಅವರ ಸಹೋದ್ಯೋಗಿ. ಆಗ ಸಿಲೋನ್ ಜಗತ್ತಿನ ದೊಡ್ಡ ಕಾಫಿ ನಾಡುಗಳಲ್ಲಿ ಒಂದು. ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಕಾಫಿ ನೆಲಕಚ್ಚಿತು, ಗುಡ್ಡಗಳೆಲ್ಲ ಚಹಾ ತೋಟಗಳಾದವು. 1880ರಲ್ಲಿ ಅಲ್ಲಿಗೆ ಹೋದ ಮಾರ್ಷಲ್ ವಾರ್ಡ್ ಎಂಬ ಯುವ ವಿಜ್ಞಾನಿ ರೋಗದ ಬದುಕಿನ ಚಕ್ರವನ್ನು ಬಿಡಿಸಿ ತೋರಿಸಿದರು. ಆದರೆ ಆ ವೇಳೆಗೆ ಕಾಲ ಮೀರಿತ್ತು. ಕಡಲು ದಾಟಿ ಮೈಸೂರು ಸೀಮೆಗೆ ತುಕ್ಕು ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಇಲ್ಲಿ ಆಗ ಬೆಳೆಯುತ್ತಿದ್ದದ್ದು 'ಚಿಕ್' ತಳಿ. ಬಾಬಾಬುಡನ್ ತಂದರೆಂದು ನಾವು ನಂಬುವ ಬೆರಳೆಣಿಕೆಯ ಬೀಜಗಳ ಸಂತಾನ ಎಂದೇ ಅದಕ್ಕೆ ಹೆಸರು. ಆ ಐತಿಹ್ಯದ ವಿವರ ಏನೇ ಇರಲಿ, ನಮ್ಮ ಹಳೆಯ ಅರೇಬಿಕಾದ ಬುಡ ಬಹಳ ಕಿರಿದು ಎಂಬುದಂತೂ ನಿಜ. ಕೆಲವೇ ಗಿಡಗಳಿಂದ ಬಂದ ಸಂತತಿಯಲ್ಲಿ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಬಿಳಿ ಕಾಂಡಕೊರಕ, ತುಕ್ಕು ಎರಡೂ ಸೇರಿ ಚಿಕ್ ಹೋಯಿತು. ಅದರ ಜಾಗಕ್ಕೆ ಬಂದ 'ಕೂರ್ಗ್' ತಳಿಯೂ ಉಳಿಯಲಿಲ್ಲ.

ಇಲ್ಲಿ ಒಬ್ಬ ಬೆಳೆಗಾರರ ಹೆಸರು ಬರುತ್ತದೆ. 1911ರಲ್ಲಿ ಎಲ್.ಪಿ. ಕೆಂಟ್ ಎಂಬವರು ಮೈಸೂರು ಸೀಮೆಯ ತೋಟದಲ್ಲಿ ಒಂದೇ ಒಂದು ಗಿಡವನ್ನು ಆರಿಸಿದರು. ಸುತ್ತಲಿನವು ತುಕ್ಕಿಗೆ ಸೊರಗಿದಾಗ ಅದು ಎಲೆ ಉಳಿಸಿಕೊಂಡಿತ್ತು. ಅದರ ಬೀಜದಿಂದ ಬಂದದ್ದೇ 'ಕೆಂಟ್ಸ್'. ಗಿಡದ ವಂಶದ ಲೆಕ್ಕ ಅವರಿಗೆ ಬೇಕಾಗಿರಲಿಲ್ಲ, ತನ್ನ ತೋಟವನ್ನು ಗಿಡ ಗಿಡವಾಗಿ ನೋಡುವ ಕಣ್ಣು ಇತ್ತು. ಆ ಒಂದು ಗಿಡ ಕೆಲವು ವರ್ಷ ಇಡೀ ದಕ್ಷಿಣ ಭಾರತದ ಅರೇಬಿಕಾವನ್ನು ಎತ್ತಿ ಹಿಡಿಯಿತು. ಆಮೇಲೆ ಕೆಂಟ್ಸ್‌ಗೂ ತುಕ್ಕು ಬಂತು.

ಏಕೆ ಬಂತು? ಬೆಳೆಗಾರರು ತಳಿ ಹಾಳಾಯಿತು, ಬೀಜ ಬೆರಕೆಯಾಯಿತು ಎಂದುಕೊಂಡರು. ನಿಜವಾದ ಉತ್ತರ ಸಿಕ್ಕಿದ್ದು ಬಾಳೆಹೊನ್ನೂರಿನ ಪಕ್ಕದ ಸೀಗೋಡಿನಲ್ಲಿ. ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಶುರುವಾದ ಕಾಫಿ ಸಂಶೋಧನೆ 1925ರಲ್ಲಿ ಮೈಸೂರು ಕಾಫಿ ಪ್ರಯೋಗ ಕೇಂದ್ರವಾಗಿ ಅಲ್ಲಿ ನೆಲೆನಿಂತಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದ ಕೋಲ್ಮನ್ ಇವರೇ. ಸೀಗೋಡಿನಲ್ಲಿ ಕೆಲಸ ಮಾಡಿದ ಡಬ್ಲ್ಯೂ.ಡಬ್ಲ್ಯೂ. ಮೇನ್ 1932ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟಿಸಿದರು. ಕಣ್ಣಿಗೆ ಒಂದೇ ಥರ ಕಾಣುವ ಕಾಫಿ ತುಕ್ಕಿನಲ್ಲಿ ಬೇರೆ ಬೇರೆ ಪಂಗಡಗಳಿವೆ, ಒಂದು ಪಂಗಡ ಕೂರ್ಗ್ ತಳಿಯನ್ನು ಮಾತ್ರ ಹಿಡಿದರೆ ಇನ್ನೊಂದು ಕೆಂಟ್ಸನ್ನೂ ಹಿಡಿಯುತ್ತದೆ ಎಂಬುದು ಅದರ ತಿರುಳು. ತಳಿ ಬದಲಾಗಿರಲಿಲ್ಲ, ತುಕ್ಕು ಬದಲಾಗಿತ್ತು. ಕಾಫಿ ತುಕ್ಕಿನ ವಿಷಯದಲ್ಲಿ ಇದನ್ನು ಜಗತ್ತಿನಲ್ಲೇ ಮೊದಲು ತೋರಿಸಿದ್ದು ನಮ್ಮ ಜಿಲ್ಲೆ. ನಮ್ಮ ಶಾಲೆಯ ಪಾಠಪುಸ್ತಕಗಳಲ್ಲಿ ಈ ಸಂಗತಿಗೆ ಜಾಗ ಸಿಗಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ಹತ್ತು ವರ್ಷದ ನಂತರ ಅಮೆರಿಕದ ಉತ್ತರ ಡಕೋಟಾದಲ್ಲಿ ಎಚ್.ಎಚ್. ಫ್ಲೋರ್ ಅಗಸೆಯ ತುಕ್ಕಿನ ಮೇಲೆ ಕೆಲಸ ಮಾಡುತ್ತ ಇದರ ಹಿಂದಿನ ನಿಯಮ ಕಂಡರು. ಗಿಡದಲ್ಲಿ ತಡೆಯುವ ಒಂದು ಜೀನ್ ಇದ್ದರೆ, ಅದಕ್ಕೆ ಎದುರಾಗಿ ತುಕ್ಕಿನಲ್ಲೂ ಒಂದು ಜೀನ್ ಇರುತ್ತದೆ. ತುಕ್ಕಿನ ಆ ಜೀನ್ ಇದ್ದ ಹಾಗೇ ಇದ್ದರೆ ಗಿಡ ಅದನ್ನು ಗುರುತಿಸಿ ತಡೆಯುತ್ತದೆ. ಅದು ಕೆಟ್ಟರೆ ಅಥವಾ ಮಾರ್ಪಟ್ಟರೆ ಗಿಡಕ್ಕೆ ಗುರುತು ಸಿಗುವುದಿಲ್ಲ, ರೋಗ ಒಳನುಗ್ಗುತ್ತದೆ. ಗೋಧಿಯ ಹಳದಿ ತುಕ್ಕನ್ನು ತಡೆಯುವ ಗುಣ ಮೆಂಡಲ್ ಹೇಳಿದ ರೀತಿಯಲ್ಲೇ ಮಕ್ಕಳಿಗೆ ಬರುತ್ತದೆ ಎಂದು ಇಂಗ್ಲೆಂಡಿನ ರೋಲ್ಯಾಂಡ್ ಬಿಫೆನ್ 1905ರಲ್ಲೇ ತೋರಿಸಿದ್ದರು. ಫ್ಲೋರ್ ಗಿಡದ ಜೊತೆ ರೋಗದ ವಂಶವನ್ನೂ ಲೆಕ್ಕಕ್ಕೆ ತಂದರು.

ಇನ್ನು ಸೀಗೋಡಿನ ದೊಡ್ಡ ಕೆಲಸಕ್ಕೆ ಬರುತ್ತೇನೆ. ಅರೇಬಿಕಾಕ್ಕೆ 44 ವರ್ಣತಂತುಗಳು, ಲಿಬೆರಿಕಾ ಎಂಬ ಇನ್ನೊಂದು ಕಾಫಿ ಜಾತಿಗೆ 22. ಇವೆರಡೂ ತಾವಾಗಿ ಕೂಡಿ, ಸಂತಾನ ಫಲ ಕೊಡುವುದು ತೀರಾ ಅಪರೂಪ. ಹಾಗೆ ತಾನಾಗಿ ಹುಟ್ಟಿದ, 44 ವರ್ಣತಂತುಗಳೇ ಇದ್ದ ಒಂದು ಗಿಡ ಸಂಶೋಧಕರ ಕಣ್ಣಿಗೆ ಬಿತ್ತು. ಅದಕ್ಕೆ ಎಸ್.26 ಎಂದು ಸಂಖ್ಯೆ ಕೊಟ್ಟರು. ಅದರ ಸಂತಾನದಲ್ಲಿ ಆರಿಸಿದ್ದು ಎಸ್.288. ಅಂದಿನ ತುಕ್ಕಿನ ಪಂಗಡಗಳನ್ನು ಅದು ಚೆನ್ನಾಗಿ ತಡೆಯಿತು, ಆದರೆ ಬೀಜದಲ್ಲಿ ದೋಷವಿತ್ತು, ಲಿಬೆರಿಕಾದ ಒರಟುತನ ಉಳಿದಿತ್ತು. ಅದನ್ನು ರುಚಿಗೆ ಹೆಸರಾದ ಕೆಂಟ್ಸ್ ಜೊತೆ ಕೂಡಿಸಿದರು. ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಹೂ ಅರಳುವ ಹಿಂದಿನ ದಿನವೇ ಮೊಗ್ಗನ್ನು ಬಿಡಿಸಿ, ಪರಾಗಕೋಶ ತೆಗೆದು, ಚೀಲ ಕಟ್ಟಿ, ಮರುದಿನ ಇನ್ನೊಂದು ತಳಿಯ ಪರಾಗ ಸವರಬೇಕು. ವರ್ಷಕ್ಕೆ ಎರಡು ಮೂರು ದಿನದ ಅವಕಾಶ, ಅಷ್ಟರಲ್ಲಿ ಮತ್ತೆ ಮಳೆ ಬಂದರೆ ಆ ವರ್ಷ ಕೈತಪ್ಪಿತು. ಆಮೇಲೆ ಹಣ್ಣಿಗೆ ಎಂಟು ಒಂಬತ್ತು ತಿಂಗಳು, ಸಸಿಗೆ ಒಂದು ವರ್ಷ, ಫಸಲಿಗೆ ಇನ್ನೂ ಎರಡು ಮೂರು ವರ್ಷ. ಆರ್.ಎಲ್. ನರಸಿಂಹಸ್ವಾಮಿ ಅವರಂಥ ತಳಿ ವಿಜ್ಞಾನಿಗಳು ಆ ತಾಳ್ಮೆಯಿಂದ ಕೂತದ್ದರ ಫಲ 1940ರ ದಶಕದ ಮಧ್ಯದಲ್ಲಿ ಬೆಳೆಗಾರರ ಕೈಗೆ ಬಂದ ಎಸ್.795. ಇಂದಿಗೂ ಬಾಬಾಬುಡನ್‌ಗಿರಿ ಸುತ್ತಲಿನ ಹಳೆಯ ತೋಟಗಳ ಒಳ್ಳೆಯ ಅರೇಬಿಕಾ ಎಂದರೆ ಅದೇ. ಇಂಡೊನೇಷ್ಯಾದಲ್ಲಿ ಅದನ್ನೇ ಜೆಂಬರ್ ಎಂಬ ಹೆಸರಿನಲ್ಲಿ ಬೆಳೆಯುತ್ತಾರೆ.

ಎಸ್.795ರ ಒಳಗೆ ಏನಿತ್ತು ಎಂದು ಹೆಸರಿಟ್ಟು ಹೇಳಲು ಪೋರ್ಚುಗಲ್‌ಗೆ ಹೋಗಬೇಕಾಯಿತು. 1955ರಲ್ಲಿ ಓಯೆರಾಸ್ ಎಂಬಲ್ಲಿ ಬ್ರಾಂಕಿನ್ಹೊ ಡಿ ಒಲಿವೇರಾ ಕಾಫಿ ತುಕ್ಕಿನ ಕೇಂದ್ರ ತೆರೆದರು. ಆ ನಾಡಿನಲ್ಲಿ ಕಾಫಿ ತೋಟಗಳೇ ಇಲ್ಲ, ಹಾಗಾಗಿ ಜಗತ್ತಿನ ಎಲ್ಲ ಕಡೆಯ ತುಕ್ಕನ್ನು ತರಿಸಿಟ್ಟರೂ ಯಾರ ಬೆಳೆಗೂ ಅಪಾಯವಿಲ್ಲ. ಎಲೆಯಿಂದ ದುಂಡಗೆ ಬಿಲ್ಲೆ ಕತ್ತರಿಸಿ, ಅಡಿಭಾಗ ಮೇಲೆ ಮಾಡಿ ಒದ್ದೆ ಹಾಸಿನ ಮೇಲೆ ಜೋಡಿಸಿ, ಗೊತ್ತಿರುವ ಪಂಗಡದ ಬೀಜಕಣವನ್ನು ಹನಿಯಾಗಿ ಇಟ್ಟು ಒಂದು ರಾತ್ರಿ ಕತ್ತಲಲ್ಲಿಡುತ್ತಾರೆ. ಕೆಲವು ವಾರ ಕಳೆದ ಮೇಲೆ ಕೆಲವು ಬಿಲ್ಲೆಗಳಲ್ಲಿ ಹುಡಿ ಏಳುತ್ತದೆ, ಕೆಲವಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆ ಮಾತ್ರ. ಯಾವ ಗಿಡ ಯಾವ ಪಂಗಡವನ್ನು ತಡೆಯಿತು ಎಂಬ ಆ ಪಟ್ಟಿಯಿಂದಲೇ ಒಳಗಿನ ಜೀನ್‌ಗಳನ್ನು ಊಹಿಸಿದರು. ಹೀಗೆ ಎಸ್‌ಎಚ್1ರಿಂದ ಎಸ್‌ಎಚ್9ರವರೆಗೆ ಒಂಬತ್ತು ಜೀನ್‌ಗಳು ಗುರುತಾದವು. ಕೆಂಟ್ಸ್‌ನಲ್ಲಿದ್ದದ್ದು ಎಸ್‌ಎಚ್2. ಲಿಬೆರಿಕಾದಿಂದ ಬಂದದ್ದು ಎಸ್‌ಎಚ್3. 6ರಿಂದ 9ರವರೆಗಿನವು ಟಿಮೋರ್ ದ್ವೀಪದ ತೋಟದಲ್ಲಿ ಕಂಡ, ಅರೇಬಿಕಾ ಮತ್ತು ರೋಬಸ್ಟಾ ತಾವಾಗಿ ಕೂಡಿ ಹುಟ್ಟಿದ ಗಿಡದಿಂದ ಬಂದವು. ನಮ್ಮ ಕಾವೇರಿ ತಳಿಗೂ, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಗೂ ಆ ಟಿಮೋರ್ ಗಿಡವೇ ಮೂಲ.

ಹೀಗೆ ಪಟ್ಟಿ ಮಾಡುವಾಗ ಜೀನ್ ಇನ್ನೂ ಒಂದು ಹೆಸರು ಮಾತ್ರ. ಅದು ವರ್ಣತಂತುವಿನ ಯಾವ ಜಾಗದಲ್ಲಿದೆ ಎಂದು ಹುಡುಕುವ ಕೆಲಸದಲ್ಲಿ ಎಸ್‌ಎಚ್3ಗೆ ಮೊದಲ ದಾರಿ ಮಾಡಿದವರು ನಮ್ಮ ಕಾಫಿ ವಿಜ್ಞಾನಿ ಎನ್.ಎಸ್. ಪ್ರಕಾಶ್ ಮತ್ತು ಪೋರ್ಚುಗಲ್, ಫ್ರಾನ್ಸಿನ ಅವರ ಸಹೋದ್ಯೋಗಿಗಳು. ಎಸ್.288ನ್ನು ಮಟಾರಿ ಎಂಬ ತಳಿಯೊಂದಿಗೆ ಕೂಡಿಸಿ, ಮೊಮ್ಮಕ್ಕಳ ಪೀಳಿಗೆಯ ಪ್ರತಿ ಗಿಡಕ್ಕೂ ತುಕ್ಕಿನ ಪರೀಕ್ಷೆ ಮಾಡಿ, ಜೊತೆಗೇ ಅದರ ಡಿಎನ್‌ಎಯನ್ನೂ ನೋಡಿ, ತಡೆಯುವ ಗಿಡಗಳಲ್ಲಿ ತಪ್ಪದೆ ಕಾಣುವ ಲಿಬೆರಿಕಾದ ಗುರುತುಗಳನ್ನು 2004ರಲ್ಲಿ ಪ್ರಕಟಿಸಿದರು. ಇದರ ಬೆಲೆ ಬೆಳೆಗಾರನಿಗೆ ಥಟ್ಟನೆ ತಿಳಿಯುತ್ತದೆ. ಬ್ಯಾಗಿನ ಸಸಿಯ ಒಂದು ಎಲೆಯಿಂದಲೇ ಅದರಲ್ಲಿ ಎಸ್‌ಎಚ್3 ಇದೆಯೋ ಇಲ್ಲವೋ ಹೇಳಬಹುದು, ಗಿಡ ಬೆಳೆದು ತುಕ್ಕು ಬರುವವರೆಗೆ ಕಾಯಬೇಕಿಲ್ಲ. ಒಂದು ತಳಿ ಕಟ್ಟಲು ಇಪ್ಪತ್ತು ಮೂವತ್ತು ವರ್ಷ ಹಿಡಿಯುವ ಬೆಳೆಯಲ್ಲಿ ಇದು ಸಣ್ಣ ಉಳಿತಾಯವಲ್ಲ.

ಎಸ್‌ಎಚ್3 ಇರುವ ಜಾಗವನ್ನು ಮುಂದೆ ಓದಿ ನೋಡಿದಾಗ ಅಲ್ಲಿ ಒಂದೇ ಬಗೆಯ ಜೀನ್‌ಗಳ ಗುಂಪು ಸಿಕ್ಕಿತು. ಗೋಧಿಯಲ್ಲಿ ಸಿಕ್ಕಿರುವ ತುಕ್ಕು ಜೀನ್‌ಗಳಲ್ಲಿ ಹೆಚ್ಚಿನವೂ ಅದೇ ಬಗೆಯವು. ಇವು ಜೀವಕೋಶದ ಒಳಗೆ ಕಾವಲಿರುವ ಪ್ರೋಟೀನುಗಳನ್ನು ಮಾಡಿಸುತ್ತವೆ. ತುಕ್ಕು ತನ್ನ ಹೀರುನಾಳವನ್ನು ಜೀವಕೋಶದೊಳಕ್ಕೆ ಇಳಿಸಿ, ಗಿಡದ ರಕ್ಷಣೆಯನ್ನು ಮಲಗಿಸಲು ತನ್ನ ಪ್ರೋಟೀನುಗಳನ್ನು ಕಳಿಸುತ್ತದೆ. ಕಾವಲಿನ ಪ್ರೋಟೀನ್ ಅವುಗಳಲ್ಲಿ ಒಂದನ್ನು ಗುರುತಿಸಿದ ಕೂಡಲೆ ಆ ಜೀವಕೋಶ ತಾನೇ ಸಾಯುತ್ತದೆ. ಬೇಸಿಗೆಗೆ ಮುಂಚೆ ಮುತ್ತೋಡಿ ಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಸುಡುವುದನ್ನು ನೀವು ನೋಡಿದ್ದೀರಿ. ಮೊದಲೇ ಸುಟ್ಟ ಪಟ್ಟಿಯನ್ನು ಕಾಡಿನ ಬೆಂಕಿ ದಾಟಲಾರದು. ಎಲೆಯೂ ಅದನ್ನೇ ಮಾಡುತ್ತದೆ, ಜೀವಂತ ಕೋಶ ಬೇಕಾದ ತುಕ್ಕಿಗೆ ಸುತ್ತಲೂ ಸತ್ತ ಕೋಶ ಬಿಟ್ಟು ಹಸಿವಿನಿಂದ ಸಾಯಿಸುತ್ತದೆ. ಪೋರ್ಚುಗಲ್ಲಿನ ಬಿಲ್ಲೆಯ ಮೇಲೆ ಕಂಡ ಸೂಜಿಮೊನೆಯ ಕಂದು ಚುಕ್ಕೆ ಅದೇ.

ಗೋಧಿಯವರು ಈ ಹುಡುಕಾಟದಲ್ಲಿ ನಮಗಿಂತ ಬಹಳ ಮುಂದೆ ಹೋಗಿದ್ದಾರೆ. ಎಲೆ ತುಕ್ಕಿನ ಎಲ್‌ಆರ್10, ಎಲ್‌ಆರ್21 ಎಂಬ ಜೀನ್‌ಗಳನ್ನು 2003ರಲ್ಲಿ, ಕಾಂಡ ತುಕ್ಕಿನ ಎಸ್‌ಆರ್33, ಎಸ್‌ಆರ್35ನ್ನು 2013ರಲ್ಲಿ ಬೇರ್ಪಡಿಸಿ ಹಿಡಿದರು. 2016ರ ಹೊತ್ತಿಗೆ ಒಂದು ಚುರುಕು ವಿಧಾನ ಬಂತು. ತುಕ್ಕು ತಡೆಯುವ ಗೋಧಿಯ ಬೀಜಕ್ಕೆ ರಾಸಾಯನಿಕ ಹಾಕಿ ಅದರ ಜೀನ್‌ಗಳನ್ನು ಅಲ್ಲಲ್ಲಿ ಕೆಡಿಸುತ್ತಾರೆ. ಬೆಳೆದ ಸಾವಿರಾರು ಗಿಡಗಳಲ್ಲಿ ತುಕ್ಕು ಹಿಡಿದವನ್ನು ಆರಿಸುತ್ತಾರೆ. ಅವುಗಳ ಕಾವಲು ಜೀನ್‌ಗಳನ್ನು ಮಾತ್ರ ಓದಿ, ಎಲ್ಲ ರೋಗಿ ಗಿಡಗಳಲ್ಲೂ ಕೆಟ್ಟಿರುವ ಜೀನ್ ಯಾವುದೆಂದು ನೋಡುತ್ತಾರೆ. ಅದೇ ಬೇಕಾದ ಜೀನ್. ವರ್ಷಕ್ಕೆ ಎರಡು ಮೂರು ಪೀಳಿಗೆ ತೆಗೆಯಬಹುದಾದ ಗೋಧಿಗೆ ಇದು ಸರಿ. ಪೀಳಿಗೆಗೆ ನಾಲ್ಕು ವರ್ಷ ಬೇಡುವ ಕಾಫಿಗೆ ಅಷ್ಟು ಸುಲಭವಿಲ್ಲ.

ಗೋಧಿಯ ಕಥೆಯಲ್ಲೂ ಕರ್ನಾಟಕಕ್ಕೆ ಪಾಲಿದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಹುಗ್ಗಿಗೆ, ಮಾದಲಿಗೆ ಬಳಸುವ ಜವೆಗೋಧಿ ಇದೆಯಲ್ಲ, ಸದಕ ಎಂದೂ ಕರೆಯುತ್ತಾರೆ, ಅದನ್ನೇ ಹೊರಗಿನವರು ಖಪ್ಲಿ ಎನ್ನುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಿಂದ ಅಮೆರಿಕಕ್ಕೆ ಹೋದ ಖಪ್ಲಿಯನ್ನು ಸ್ಟೇಕ್‌ಮನ್ ಎಂಬ ವಿಜ್ಞಾನಿ ಕಾಂಡ ತುಕ್ಕಿನ ಪಂಗಡ ಗುರುತಿಸುವ ಹನ್ನೆರಡು ಗೋಧಿಗಳಲ್ಲಿ ಒಂದಾಗಿ ಇಟ್ಟುಕೊಂಡರು. ಅದರಲ್ಲಿ ಎಸ್‌ಆರ್13 ಎಂಬ ಜೀನ್ ಇದೆ, 2017ರಲ್ಲಿ ಅದನ್ನೂ ಬೇರ್ಪಡಿಸಿದರು. 1999ರಲ್ಲಿ ಉಗಾಂಡಾದಲ್ಲಿ ಕಂಡ ಯುಜಿ99 ಎಂಬ ತುಕ್ಕು, ರೈ ಧಾನ್ಯದಿಂದ ಗೋಧಿಗೆ ಬಂದು ಜಗತ್ತಿನ ಎಷ್ಟೋ ಹೊಲಗಳನ್ನು ಕಾಯುತ್ತಿದ್ದ ಎಸ್‌ಆರ್31 ಜೀನನ್ನು ಮುರಿದಾಗ, ಅದರ ಎದುರು ನಿಲ್ಲಬಲ್ಲ ಜೀನ್‌ಗಳ ಸಾಲಿನಲ್ಲಿ ಎಸ್‌ಆರ್13 ಕೂಡ ಇತ್ತು. ಇಳುವರಿ ಕಡಿಮೆ ಎಂದು ಉತ್ತರ ಕರ್ನಾಟಕದ ರೈತರೆಲ್ಲ ಜವೆಗೋಧಿಯನ್ನು ಕೈಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಎಸ್‌ಆರ್31ಕ್ಕೆ ಆದದ್ದೇ ನಮ್ಮ ಎಸ್‌ಎಚ್3ಕ್ಕೂ ಆಯಿತು. ಎಸ್‌ಎಚ್2, ಎಸ್‌ಎಚ್3 ಎರಡನ್ನೂ ದಾಟುವ ಪಂಗಡ ನಮ್ಮ ತೋಟಗಳಲ್ಲಿ ಹುಟ್ಟಿತು, ಎಸ್.795ಗೂ ಈಗ ತುಕ್ಕು ಬರುತ್ತದೆ. ಬಂದರೂ ಕೆಂಟ್ಸ್‌ನಷ್ಟು ಎಲೆ ಉದುರುವುದಿಲ್ಲ ಎಂಬುದು ನಿಮ್ಮೆಲ್ಲರ ಅನುಭವ. ಕಾವೇರಿಯ ಬಲ ಇನ್ನೂ ಬೇಗ ಕುಂದಿತು. ಹೊಂಡುರಾಸಿನಲ್ಲಿ ಲೆಂಪಿರಾ ಎಂಬ ಟಿಮೋರ್ ಮೂಲದ ತಳಿ 2017ರಲ್ಲಿ ತುಕ್ಕಿಗೆ ಸೋತಿತು. ಒಂದು ಮಚ್ಚೆಯಿಂದ ಲಕ್ಷಗಟ್ಟಲೆ ಬೀಜಕಣ ಏಳುತ್ತದೆ. ಗುಡ್ಡದಿಂದ ಗುಡ್ಡಕ್ಕೆ ಒಂದೇ ತಳಿ ಹಬ್ಬಿದ್ದರೆ, ಅದನ್ನು ದಾಟಬಲ್ಲ ಒಂದೇ ಒಂದು ಬೀಜಕಣಕ್ಕೆ ಇಡೀ ಸೀಮೆ ತೆರೆದುಕೊಳ್ಳುತ್ತದೆ. ಕೊಲಂಬಿಯಾದವರು ಇದನ್ನು ಮೊದಲೇ ಲೆಕ್ಕ ಹಾಕಿ, 1980ರ ದಶಕದಲ್ಲಿ ಬಿಡುಗಡೆ ಮಾಡಿದ ತಳಿಯಲ್ಲಿ ಒಂದೇ ಥರ ಕಾಣುವ, ಒಳಗೆ ಬೇರೆ ಬೇರೆ ವಂಶದ ಬೀಜಗಳನ್ನು ಬೇಕೆಂದೇ ಬೆರೆಸಿ ಕೊಟ್ಟರು. ನನ್ನ ಅಭಿಪ್ರಾಯದಲ್ಲಿ ನಾವೂ ನಡೆಯಬೇಕಾದ ದಾರಿ ಅದು. ಹತ್ತು ಎಕರೆಯಲ್ಲಿ ಹತ್ತಕ್ಕೂ ಚಂದ್ರಗಿರಿ ಹಾಕುವವರಿಗೆ ನಾನು ಹೇಳುವುದು, ಎರಡು ಎಕರೆಯಲ್ಲಾದರೂ ಬೇರೆ ಆಯ್ಕೆ ಇರಲಿ. ಹೊಸ ಜೀನ್ ಸಿಕ್ಕಾಗ ಅದನ್ನು ಒಂಟಿಯಾಗಿ ಬಿಡುಗಡೆ ಮಾಡದೆ ಎರಡು ಮೂರನ್ನು ಒಂದೇ ಗಿಡದಲ್ಲಿ ಕೂಡಿಸುವುದಕ್ಕೆ ಡಿಎನ್‌ಎ ಗುರುತುಗಳೇ ಆಧಾರ. ಕಣ್ಣಿಗೆ ಎರಡು ಜೀನ್ ಇರುವ ಗಿಡವೂ ಮೂರು ಇರುವ ಗಿಡವೂ ಒಂದೇ ಥರ ಹಸಿರಾಗಿಯೇ ಕಾಣುತ್ತವೆ.

ಕೂಡಿಸಲು ಜೀನ್ ಎಲ್ಲಿಂದ ತರುವುದು? ಈ ಪ್ರಶ್ನೆ ನಿಮ್ಮ ಬೇಲಿಯೊಳಗೇ ಬರುತ್ತದೆ. ಕೊರಕದ ಕಾಟ, ತುಕ್ಕು, ಕೂಲಿಯ ಖರ್ಚು ತಾಳಲಾರದೆ ಈ ಭಾಗದಲ್ಲಿ ಅರೇಬಿಕಾ ಕಿತ್ತು ರೋಬಸ್ಟಾ ಹಾಕುವವರು ಹೆಚ್ಚಾಗಿದ್ದಾರೆ. ಆ ನಿರ್ಧಾರವನ್ನು ನಾನು ದೂರುವುದಿಲ್ಲ, ಸಂಸಾರ ನಡೆಯಬೇಕು. ಆದರೆ ಜೆಸಿಬಿ ಬರುವ ಮೊದಲು ತೋಟವನ್ನು ಒಮ್ಮೆ ಸುತ್ತಿ. ಗಡಿಯಲ್ಲಿ ಅಜ್ಜನ ಕಾಲದ ಎತ್ತರದ ಲಿಬೆರಿಕಾ ಮರ ಇದ್ದರೆ, ಕೆಂಟ್ಸ್ ಕಾಲದ ನಾಲ್ಕು ಗಿಡ ಮೂಲೆಯಲ್ಲಿ ಉಳಿದಿದ್ದರೆ, ಅರೇಬಿಕಾ ಸಾಲಿನ ನಡುವೆ ಯಾವ ತಳಿಯೆಂದು ಹೇಳಲಾಗದ ಬೆರಕೆ ಗಿಡ ನಿಂತಿದ್ದರೆ ಅದನ್ನು ಉಳಿಸಿ. ಎಸ್.26 ಹಾಗೇ ಸಿಕ್ಕಿದ್ದು, ಟಿಮೋರಿನ ಗಿಡ ಹಾಗೇ ಸಿಕ್ಕಿದ್ದು.

ಈ ವರ್ಷದ ಮಳೆ ಮುಗಿದ ಮೇಲೆ, ಅಕ್ಟೋಬರ್ ಕೊನೆಯ ಹೊತ್ತಿಗೆ, ಬೋರ್ಡೋ ತಾಗದ ಒಂದು ಪಟ್ಟಿಯನ್ನು ಆರಿಸಿಕೊಳ್ಳಿ. ಸುತ್ತಲಿನ ಗಿಡಗಳಿಗೆ ತುಕ್ಕು ಬಂದಿದ್ದೂ ಎಲೆ ಉಳಿಸಿಕೊಂಡ ಗಿಡ ಕಂಡರೆ ಬಣ್ಣದ ಪಟ್ಟಿ ಕಟ್ಟಿ, ಮುಂದಿನ ವರ್ಷವೂ ಅದನ್ನೇ ನೋಡಿ. ಎರಡು ವರ್ಷವೂ ನಿಂತರೆ ಸೀಗೋಡಿಗೆ ತಿಳಿಸಿ. ತುಕ್ಕಿನ ಎಲೆ ಕೊಡುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ, ಬೆವರಿ ಕೊಳೆಯುತ್ತದೆ. ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ತಳಿಯ ಹೆಸರು, ನೆಟ್ಟ ವರ್ಷ, ಬೀಜ ತಂದ ಜಾಗ, ಔಷಧಿ ಹೊಡೆದ ತಿಂಗಳು ಬರೆಯಿರಿ. ತಳಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ, ಅಂಥ ಗಿಡದ ಎಲೆಯನ್ನೇ ಮೊದಲು ತಲುಪಿಸಿ.